ಡಿಸ್ನಿಲ್ಯಾಂಡ್ ಚುರೋ ಮನೆಯಲ್ಲಿ, ಅದೂ ಮೊಟ್ಟೆ ಇಲ್ಲದೆ: ಯಾರಾದರೂ ಮಾಡಿದ್ದೀರಾ?

ನವನಗರದವಳು, ಬಾಗಲಕೋಟೆ

ನಮಸ್ಕಾರ ರೀ ಎಲ್ಲರಿಗೂ. ಇಲ್ಲಿ ಹಪ್ಪಳ ಸಂಡಿಗೆ ಮಾತು ಓದಿಕೊಂಡು ಸುಮ್ನೆ ಇರುವವಳು ನಾನು. ಪ್ರಶ್ನೆ ಹಾಕುತ್ತಿರುವುದು ಇದೇ ಮೊದಲು, ಉದ್ದ ಆದರೆ ಬೈಯಬೇಡಿ.

ಹೋದ ವರ್ಷ ಮಗನ ಮನೆಗೆ ಅಂತ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ಅನಾಹೈಮ್‌ನ ಡಿಸ್ನಿಲ್ಯಾಂಡ್ ತೋರಿಸಿದರು. 1955ರಲ್ಲಿ ಶುರುವಾದ ಪಾರ್ಕ್ ಅದು, ನನಗಿಂತ ವಯಸ್ಸಿನಲ್ಲಿ ದೊಡ್ಡದು, ಆದರೆ ಮೊಣಕಾಲು ನೋವು ಮಾತ್ರ ನನಗೇ. ಅವರೆಲ್ಲ ಆಟಕ್ಕೆ ಸಾಲು ಹಚ್ಚಿದಾಗ ನಾನು ಬೆಂಚಿನ ಮೇಲೆ ಚೀಲ ಕಾಯುತ್ತಾ ಕೂತಿದ್ದೆ. ಎದುರಿಗೇ ಒಂದು ಕೈಗಾಡಿ, ಅದರಲ್ಲಿ ಚುರೋ. ಹಿಟ್ಟು ಒತ್ತಿ ಕರಿದ ಉದ್ದನೆ ಕೋಲು, ಮೈ ತುಂಬಾ ಗೆರೆ, ಮೇಲೆ ಸಕ್ಕರೆ, ದಾಲ್ಚಿನ್ನಿ ವಾಸನೆ. ಮೊಮ್ಮಗ ಒಂದೊಂದು ಆಟ ಮುಗಿಸಿ ಬಂದಾಗಲೂ ಒಂದೊಂದು ಬೇಕು ಅಂತ ಹಟ. ನಾನೂ ಒಂದು ತುಂಡು ತಿಂದೆ. "ಅವ್ವಾ, ಇದರಲ್ಲಿ ಮೊಟ್ಟೆ ಇರಬಹುದು" ಅಂತ ಮಗ ಹೇಳುವಷ್ಟರಲ್ಲಿ ಅದು ಹೊಟ್ಟೆಯಲ್ಲಿತ್ತು. ಏನು ಮಾಡುವುದು.

ಈಗ ವಿಷಯ ಏನಂದರೆ ಆ ಮೊಮ್ಮಗ ಇನ್ನು ಎರಡು ವಾರದಲ್ಲಿ ರಜೆಗೆ ಬಾಗಲಕೋಟೆಗೆ ಬರುತ್ತಿದ್ದಾನೆ, ಒಂಬತ್ತು ವರ್ಷ, ಫೋನಿನಲ್ಲಿ "ಅಜ್ಜಿ, ನಿನಗೆ ಚುರೋ ಬರುತ್ತಾ?" ಅಂದ, ನಾನು ಏನೂ ಯೋಚನೆ ಮಾಡದೆ "ಬರುತ್ತದಪ್ಪಾ" ಅಂದುಬಿಟ್ಟೆ. ಬರುವುದಿಲ್ಲ.

2020ರ ಏಪ್ರಿಲ್‌ನಲ್ಲಿ ಪಾರ್ಕುಗಳೆಲ್ಲ ಬಾಗಿಲು ಹಾಕಿದ್ದಾಗ ಡಿಸ್ನಿಯವರೇ ಮನೆಯಲ್ಲಿ ಮಾಡಿಕೊಳ್ಳಿ ಅಂತ ಚುರೋ ತುಣುಕುಗಳ ಅಳತೆ ಬಿಟ್ಟಿದ್ದರು. ಸೊಸೆ ಕಳಿಸಿದಳು. 1 ಕಪ್ ನೀರು, 8 ಟೇಬಲ್ ಚಮಚ ಬೆಣ್ಣೆ, ಕಾಲು ಟೀ ಚಮಚ ಉಪ್ಪು, ಮುಕ್ಕಾಲು ಟೀ ಚಮಚ ದಾಲ್ಚಿನ್ನಿ ಪುಡಿ, ಒಂದೂಕಾಲು ಕಪ್ ಮೈದಾ, 3 ಮೊಟ್ಟೆ, ಹೊರಳಿಸಲು ಅರ್ಧ ಕಪ್ ಸಕ್ಕರೆ. ತೊಡಕು ಆ 3 ಮೊಟ್ಟೆಯಲ್ಲೇ. ನಮ್ಮ ಅತ್ತೆಗೆ 84, ಅವರಿರುವ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟುವುದಿಲ್ಲ, ದಾಟಿಸುವ ಆಸೆ ನನಗೂ ಇಲ್ಲ.

ಮೊಟ್ಟೆ ಬದಲು ಅರ್ಧ ಬಟ್ಟಲು ಮೊಸರು, ಒಂದು ಚಿಟಿಕೆ ಸೋಡಾ ಹಾಕಿದೆ. ಹಿಟ್ಟು ಜೋಲು ಜೋಲಾಯಿತು. ಮತ್ತೆ ಮೈದಾ ಸುರಿದೆ. ಚಕ್ಕಲಿ ಮಷೀನಿಗೆ ದಪ್ಪ ಬರಲಿ ಅಂತ ಗುಂಡನೆ ತೂತಿನ ಬಿಲ್ಲೆ ಹಾಕಿ ಎಣ್ಣೆಗೆ ಒತ್ತಿದೆ. ಮೊದಲು ಎರಡು ಎಣ್ಣೆಯಲ್ಲೇ ಕರಗಿ ಚೂರಾದವು. ಮೂರನೆಯದು ಕೆಂಪಗಾಗುತ್ತಿತ್ತು, ಇನ್ನೇನು ತೆಗೆಯಬೇಕು ಅನ್ನುವಾಗ ಪಟಕ್ಕಂತ ಸಿಡಿಯಿತು. ಮುಂಗೈ ಮೇಲೆ ನಾಲ್ಕು ಬೊಕ್ಕೆ ಎದ್ದಿವೆ. ನಮ್ಮ ಯಜಮಾನರು ಪಟಾಕಿ ಅಂದುಕೊಂಡು ಓಡಿ ಬಂದರು.

ತಪ್ಪು ಎಲ್ಲಿ ಆಯಿತು? ಮೊಟ್ಟೆ ಇಲ್ಲದೆ ಆಗುವ ಮಾತೇನಾ ಇದು?

ಟಿಳಕವಾಡಿ ಅಡುಗೆಮನೆ, ಬೆಳಗಾವಿ

ಕಾಕೂ, ಮೊದಲು ಕೈ ಹೇಗಿದೆ ಹೇಳಿ. ಬೊಕ್ಕೆ ಒಡೆಯಬೇಡಿ, ಅರಿಶಿನ ಪೇಸ್ಟು ಗೀಸ್ಟು ಮೆತ್ತಬೇಡಿ.

ಆಗುವ ಮಾತೇ. ನಾನು ಮನೆಯಿಂದಲೇ ಹುಟ್ಟುಹಬ್ಬದ ಆರ್ಡರ್ ಮಾಡುತ್ತೇನೆ, ಮೊಟ್ಟೆ ಇಲ್ಲದ ಚುರೋ ಅಂತಲೇ ಕೇಳುತ್ತಾರೆ ಜನ. ನಿಮಗೆ ಯಾರೂ ಹೇಳದೆ ಇರುವ ಒಂದು ಮಾತಿದೆ. ಚುರೋ ಮೂಲದಲ್ಲಿ ಸ್ಪೇನಿನ ತಿಂಡಿ, ಅಲ್ಲಿ ಬೆಳಿಗ್ಗೆ ಗಟ್ಟಿ ಬಿಸಿ ಚಾಕೊಲೇಟಿನಲ್ಲಿ ಅದ್ದಿಕೊಂಡು ತಿನ್ನುತ್ತಾರೆ, ಅಲ್ಲಿಯ ಹಳೆ ಪದ್ಧತಿಯ ಹಿಟ್ಟಿಗೆ ಬೇಕಾಗುವುದು ಮೈದಾ, ನೀರು, ಉಪ್ಪು. ಅಷ್ಟೇ! ಮೊಟ್ಟೆ ಬೆಣ್ಣೆ ಆಮೇಲೆ ಬಂದ ಶ್ರೀಮಂತಿಕೆ. ಡಿಸ್ನಿಯವರು ಕೊಟ್ಟಿರುವುದು ಫ್ರಾನ್ಸಿನ ಕಡೆಯ ಎಕ್ಲೇರ್ ಹಿಟ್ಟಿನ ಥರದ್ದು (ಚಾಕ್ಲೇಟ್ ಅಲ್ಲ, ಒಳಗೆ ಕ್ರೀಮ್ ತುಂಬುವ ಬೇಕರಿ ತಿಂಡಿ). ಅದರಲ್ಲಿಂದ ಮೊಟ್ಟೆ ಮಾತ್ರ ಕಿತ್ತು ಹಾಕಿದರೆ ಉಳಿದದ್ದು ನಿಲ್ಲುವುದಿಲ್ಲ. ಯಾಕೆ ಅಂದರೆ 8 ಚಮಚ ಬೆಣ್ಣೆಯನ್ನು ಹಿಡಿದು ನಿಲ್ಲಿಸುತ್ತಿದ್ದದ್ದೇ ಆ ಮೊಟ್ಟೆ. ಚಕ್ಕಲಿ ಹಿಟ್ಟಿಗೆ ಕಾಯಿಸಿದ ಎಣ್ಣೆ ಜಾಸ್ತಿ ಹಾಕಿದರೆ ಎಣ್ಣೆಯಲ್ಲಿ ಪುಡಿ ಪುಡಿ ಆಗುತ್ತದಲ್ಲ, ನಿಮ್ಮ ಮೊದಲ ಎರಡು ಚೂರಾದದ್ದು ಅದೇ ಕಾರಣಕ್ಕೆ.

ಹಾಗಾಗಿ ಆ ಅಳತೆ ಪೂರ್ತಿ ಪಕ್ಕಕ್ಕಿಡಿ. ಇದು ಮಾಡಿ.

1 ಕಪ್ ನೀರು, ಅಂದರೆ 240 ಮಿಲಿ. ಅದಕ್ಕೆ 2 ಟೇಬಲ್ ಚಮಚ ಎಣ್ಣೆ, 2 ಟೇಬಲ್ ಚಮಚ ಸಕ್ಕರೆ, ಅರ್ಧಕ್ಕಿಂತ ಸ್ವಲ್ಪ ಕಡಿಮೆ ಟೀ ಚಮಚ ಉಪ್ಪು. ಕೊತಕೊತ ಕುದಿಯಲಿ. ಉರಿ ಆರಿಸಿ, 1 ಕಪ್ ಜರಡಿ ಹಿಡಿದ ಮೈದಾ ಒಂದೇ ಸಲ ಸುರಿದು ಕಟ್ಟಿಗೆ ಸೌಟಿನಿಂದ ಜೋರಾಗಿ ತಿರುಗಿಸಿ. ತೂಕ ನೋಡುವವರಿಗೆ ಸುಮಾರು 125 ಗ್ರಾಂ. ಹಿಟ್ಟು ಪಾತ್ರೆ ಬಿಟ್ಟು ಮುದ್ದೆ ಆಗಬೇಕು. ಒಣ ಹಿಟ್ಟಿನ ಗಂಟು ಒಂದೂ ಉಳಿಯಬಾರದು, ಇದನ್ನು ಮಾತ್ರ ಮರೆಯಬೇಡಿ.

ಕಾಕೂ, ಇದು ನಿಮಗೆ ಹೊಸದೇನಲ್ಲ. ರೊಟ್ಟಿಗೆ ಎಸರು ಹಾಕುತ್ತೀರಲ್ಲ, ಅದೇ ಕೆಲಸ. ಕುದಿಯುವ ನೀರು ಬಿದ್ದಾಗ ಹಿಟ್ಟು ಅರೆಬೆಂದು ಅಂಟು ಬಿಡುತ್ತದೆ, ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ತಣ್ಣೀರಲ್ಲಿ ಕಲಸಿದರೆ ಹೊರಗೆ ಗಟ್ಟಿ, ಒಳಗೂ ಗಟ್ಟಿ, ನಿಪ್ಪಟ್ಟು ಆಗುತ್ತದೆ. ಎಸರಿನ ಹಿಟ್ಟಿನಲ್ಲಿ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಮೊಸರು ಬೇಡ, ಸೋಡಾ ಅಂತೂ ಮುಟ್ಟಲೇ ಬೇಡಿ.

ಐದಾರು ನಿಮಿಷ ಆರಲಿ. ಬೆಚ್ಚಗಿರುವಾಗಲೇ ಕೈಗೆ ಎಣ್ಣೆ ಹಚ್ಚಿಕೊಂಡು ನಾದಿ. ಚಕ್ಕಲಿ ಹಿಟ್ಟಿನಷ್ಟು ಗಟ್ಟಿ, ಆದರೆ ಅಂಟಂಟು ಇರುತ್ತದೆ, ಹೆದರಿ ಮತ್ತೆ ಮೈದಾ ಸೇರಿಸಬೇಡಿ.

ಗುಮ್ಮಟದೂರಿನವ, ವಿಜಯಪುರ

ಅಡುಗೆ ನನಗೆ ಅಷ್ಟು ಗೊತ್ತಿಲ್ಲ, ಆದರೆ ಬಾಯ್ಲರ್ ಇರುವ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಹಾಗಾಗಿ ಸಿಡಿದದ್ದರ ಬಗ್ಗೆ ಮಾತ್ರ ಹೇಳುತ್ತೇನೆ ಅಕ್ಕಾರೇ.

ಎಣ್ಣೆಗೆ ಬಿದ್ದ ಕೂಡಲೇ ಹೊರಗಿನ ಪದರ ಒಣಗಿ ಗಟ್ಟಿಯಾಗುತ್ತದೆ. ಒಳಗಿನ ನೀರು ಇನ್ನೂ ಆವಿ ಆಗುತ್ತಿರುತ್ತದೆ. ಆವಿಗೆ ಹೋಗಲು ದಾರಿ ಇಲ್ಲ. ನೀವು ಮೊಸರು ಹಾಕಿ ನೀರು ಜಾಸ್ತಿ ಮಾಡಿದಿರಿ, ಸೋಡಾ ಹಾಕಿ ಗಾಳಿ ಜಾಸ್ತಿ ಮಾಡಿದಿರಿ, ಗುಂಡನೆ ದಪ್ಪ ಕೋಲು ಒತ್ತಿ ದಾರಿಯನ್ನೂ ಮುಚ್ಚಿದಿರಿ. ಸಿಡಿಯದೆ ಇನ್ನೇನು ಮಾಡುತ್ತದೆ ಅದು, ಪಾಪ.

ಚುರೋ ಮೈಮೇಲೆ ಗೆರೆ ಇರುವುದು ಚಂದಕ್ಕೆ ಮಾತ್ರ ಅಲ್ಲ. ನಕ್ಷತ್ರದ ಆಕಾರ ಇದ್ದರೆ ಹೊರಮೈ ಜಾಸ್ತಿ, ಶಾಖ ಒಳಗೆ ಬೇಗ ಮುಟ್ಟುತ್ತದೆ, ಆ ಮಡಿಕೆಗಳು ಹಿಗ್ಗಲು ಜಾಗ ಕೊಡುತ್ತವೆ. ಗುಂಡನೆ ಕೋಲಿಗೆ ಆ ಜಾಗ ಇಲ್ಲ. ನಿಮ್ಮ ಮಷೀನ್ ಜೊತೆ ನಕ್ಷತ್ರದ ಬಿಲ್ಲೆ ಬಂದಿರಲೇಬೇಕು, ಚಕ್ಕಲಿಗೆ ಹಾಕುವುದೇ ಅದನ್ನು. ಅದನ್ನೇ ಹಾಕಿ. ಹಿಟ್ಟು ತುಂಬುವಾಗ ಗಾಳಿ ಸಿಕ್ಕಿಕೊಳ್ಳದ ಹಾಗೆ ಒತ್ತಿ ಒತ್ತಿ ತುಂಬಿ. ಮಗು ಒಲೆ ಹತ್ತಿರ ಬೇಡ, ನೀವೂ ಒಂದು ಹೆಜ್ಜೆ ಹಿಂದೆ.

ಟಿಳಕವಾಡಿ ಅಡುಗೆಮನೆ, ಬೆಳಗಾವಿ

ಅಣ್ಣಾವ್ರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಚಕ್ಕಲಿ ಬಿಲ್ಲೆಯ ತೂತು ಸಣ್ಣದು, ಹಾಗಾಗಿ ಚುರೋ ಬೆರಳಿಗಿಂತ ಸಪೂರ ಬರುತ್ತದೆ, ಗರಿಗರಿ ಜಾಸ್ತಿ, ಒಳಗಿನ ಮೆತ್ತನೆ ಕಡಿಮೆ. ನಾನು ಒಂದು ಹಳೇ ಹಿತ್ತಾಳೆ ಬಿಲ್ಲೆಯನ್ನು ಲೇಥ್ ಅಂಗಡಿಗೆ ಕೊಟ್ಟು ನಕ್ಷತ್ರ ದೊಡ್ಡದು ಮಾಡಿಸಿಕೊಂಡೆ. ಅಂಗಡಿಯವನು ಚಕ್ಕಲಿಗೆ ಇಷ್ಟು ದೊಡ್ಡದು ಯಾಕೆ ಅಂತ ಮೂರು ಸಲ ಕೇಳಿದ. ಮಾಡಿಸಿಕೊಳ್ಳಲು ಆಗದಿದ್ದರೂ ಪರವಾಗಿಲ್ಲ, ಸಪೂರ ಚುರೋ ಸಿಡಿಯುವ ಭಯ ಇನ್ನೂ ಕಡಿಮೆ.

ನೇರ ಎಣ್ಣೆಗೆ ಒತ್ತಬೇಡಿ ಕಾಕೂ. ಹೋಳಿಗೆ ತಟ್ಟುವ ಹಾಳೆಗೆ ಎಣ್ಣೆ ಸವರಿ, ಅದರ ಮೇಲೆ ಗೇಣುದ್ದ ಒತ್ತಿ ಕತ್ತರಿಯಿಂದ ಕತ್ತರಿಸಿ, ಫ್ರೀಜರಿನಲ್ಲಿ ಹತ್ತು ಹದಿನೈದು ನಿಮಿಷ ಇಡಿ. ಮೇಲ್ಮೈ ಬಿಗಿಯಾಗುತ್ತದೆ, ಗೆರೆ ಹಾಗೇ ನಿಲ್ಲುತ್ತದೆ, ಎತ್ತಿ ಬಿಡುವುದೂ ಸಲೀಸು.

ಎಣ್ಣೆ 180ರಿಂದ 190 ಡಿಗ್ರಿ. ಥರ್ಮಾಮೀಟರ್ ಇಲ್ಲವೇ, ಹಿಟ್ಟಿನ ಸಣ್ಣ ಉಂಡೆ ಬಿಡಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಎಣ್ಣೆ ತಣ್ಣಗಿದೆ, ಅಂಥ ಎಣ್ಣೆಯಲ್ಲಿ ಚುರೋ ಎಣ್ಣೆ ಕುಡಿಯುತ್ತದೆ. ಬಿದ್ದ ಕೂಡಲೇ ಕಪ್ಪಗಾದರೆ ಒಳಗೆ ಹಸಿ ಉಳಿಯುತ್ತದೆ. ಗುಳ್ಳೆ ಎದ್ದು ಮೆಲ್ಲಗೆ ಮೇಲೆ ಬಂದರೆ ಸರಿ. ಒಂದು ಸಲಕ್ಕೆ ಮೂರು ನಾಲ್ಕು ಸಾಕು.

ಗೋಕಾಕ ಫಾಲ್ಸ್, ಬೆಳಗಾವಿ ಜಿಲ್ಲೆ

ಒಂದು ಮಾತು ಕೇಳಲಾ? ಆ ಹುಡುಗ ಅಷ್ಟು ದೂರದಿಂದ ಬರುವುದು ಅಲ್ಲಿ ಸಿಗುವುದನ್ನೇ ಇಲ್ಲಿ ತಿನ್ನಲಿಕ್ಕಾ? ಕರದಂಟು ಕೊಡಿ, ಅಮೀನಗಡದ್ದು ನಿಮಗೆ ಹತ್ತಿರ, ನಮ್ಮ ಕಡೆ ಬಂದರೆ ಗೋಕಾಕದ್ದು. ಶೇಂಗಾ ಹೋಳಿಗೆ ಕೊಡಿ. ಸುಮ್ನೆ ಕೈ ಸುಟ್ಟುಕೊಳ್ಳುವುದು ಯಾಕೆ.

ನವನಗರದವಳು, ಬಾಗಲಕೋಟೆ

ಕರದಂಟು ಡಬ್ಬಿಯಲ್ಲಿದೆ, ಶೇಂಗಾ ಹೋಳಿಗೆಗೆ ಬೆಲ್ಲ ತಂದಿಟ್ಟಾಗಿದೆ, ಅದನ್ನು ನೀವು ಹೇಳಬೇಕಿಲ್ಲ ಅಣ್ಣಾರೇ. ಆದರೆ ಬರುತ್ತದೆ ಅಂತ ಅಂದುಬಿಟ್ಟಿದ್ದೇನಲ್ಲ.

ಕೈ ವಾಸಿ ಆಗುತ್ತಿದೆ, ಕೇಳಿದ್ದಕ್ಕೆ ಖುಷಿ ಆಯಿತು ತಮ್ಮಾ. ನಕ್ಷತ್ರದ ಬಿಲ್ಲೆ ಸಿಕ್ಕಿತು, ದೀಪಾವಳಿಯಿಂದ ಹಿಟ್ಟು ಒಣಗಿ ತೂತು ಮುಚ್ಚಿಹೋಗಿತ್ತು, ನೆನೆಹಾಕಿದ್ದೇನೆ. ಇನ್ನೊಂದು ಕೇಳಬೇಕು. ಮೊದಲ ಸಲ ಮಾಡಿದ್ದು ವಾಸನೆಯೇ ಬೇರೆ ಬಂತು. ಬಿರಿಯಾನಿ ವಾಸನೆ! ಅಲ್ಲಿಯ ದಾಲ್ಚಿನ್ನಿ ಬೇರೆನಾ? ಸೊಸೆಗೆ ಹೇಳಿ ಅಲ್ಲಿಂದ ತರಿಸಲಾ?

ಜಮಖಂಡಿ ಓಣಿ, ಬಾಗಲಕೋಟೆ ಜಿಲ್ಲೆ

ಅಕ್ಕಾರೇ ತರಿಸಬೇಡಿ, ದುಡ್ಡು ದಂಡ. ನಮ್ಮದು ಕಿರಾಣಿ ಅಂಗಡಿ, ಹಾಗಾಗಿ ಈ ವಿಷಯ ನನಗೆ ಬಿಡಿ.

ಅಮೆರಿಕದಲ್ಲಿ ಪುಡಿ ಮಾಡಿ ಮಾರುವುದು ಸಾಮಾನ್ಯವಾಗಿ ಕ್ಯಾಸಿಯಾ ಜಾತಿಯ ತೊಗಟೆ. ನಮ್ಮ ಕಡೆ ಮಸಾಲೆಗೆ ಅಂತ ಕೊಡುವ ದಪ್ಪನೆ, ಒರಟು ಚಕ್ಕೆಯೂ ಬಹುಪಾಲು ಕ್ಯಾಸಿಯಾನೇ. ತೆಳ್ಳಗೆ, ಕಾಗದ ಸುತ್ತಿದ ಹಾಗೆ ಪದರ ಪದರ ಇರುವುದು ಸಿಲೋನ್ ದಾಲ್ಚಿನ್ನಿ, ಅದು ದುಬಾರಿ, ವಾಸನೆ ಮೆತ್ತಗೆ, ಚುರೋಗೆ ಅದು ಬೇಕೇ ಆಗಿಲ್ಲ. ನಿಮಗೆ ಬಿರಿಯಾನಿ ವಾಸನೆ ಬಂದದ್ದು ಬಹುಶಃ ಮಿಕ್ಸಿ ಜಾರಿನಿಂದ. ಲವಂಗ ಯಾಲಕ್ಕಿ ರುಬ್ಬಿದ ಜಾರಲ್ಲೇ ಪುಡಿ ಮಾಡಿದಿರಾ? ಮೊದಲು ಆ ಜಾರಿಗೆ ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿ ಚೆಲ್ಲಿ, ಒರೆಸಿ. ಚಕ್ಕೆಯನ್ನು ಬಿಸಿಲಿಗೆ ಒಂದು ಗಂಟೆ ಇಟ್ಟರೆ ಸಾಕು, ಹುರಿಯಬೇಡಿ. ಸಣ್ಣ ಜರಡಿಯಲ್ಲಿ ಸೋಸಿ, ಇಲ್ಲದಿದ್ದರೆ ಮಗುವಿನ ಗಂಟಲಿಗೆ ನಾರು ಸಿಗುತ್ತದೆ.

ಅರ್ಧ ಕಪ್ ಸಕ್ಕರೆಗೆ ಅರ್ಧ ಟೀ ಚಮಚ ಪುಡಿ. ನನ್ನ ನಾಲಿಗೆಗೆ ಮುಕ್ಕಾಲು ಬೇಕು. ನಮ್ಮ ಸಕ್ಕರೆ ಕಾಳು ದಪ್ಪ, ಹಾಗೇ ಹೊರಳಿಸಿದರೆ ಅಂಟದೆ ಉದುರುತ್ತದೆ. ಮಿಕ್ಸಿಯಲ್ಲಿ ಒಂದೇ ಒಂದು ಸಲ ಗುರ್ ಅನ್ನಿಸಿ ನಿಲ್ಲಿಸಿ. ಪೂರ್ತಿ ಪುಡಿ ಮಾಡಿದರೆ ಬಿಸಿಗೆ ಕರಗಿ ಮೇಣದ ಹಾಗೆ ಆಗುತ್ತದೆ.

ನನ್ನದೊಂದು ಪ್ರಶ್ನೆಯೂ ಇದೆ. ಮೈದಾ ಬದಲು ಜೋಳದ ಹಿಟ್ಟು ಹಾಕಿದರೆ? ಎಸರು ಅಂದ ಕೂಡಲೇ ನನಗೆ ಅದೇ ಹೊಳೆಯಿತು. ಮೈದಾ ಮಕ್ಕಳಿಗೆ ಒಳ್ಳೆಯದಲ್ಲ ಅಂತಾರಲ್ಲ.

ಟಿಳಕವಾಡಿ ಅಡುಗೆಮನೆ, ಬೆಳಗಾವಿ

ಜೋಳದ್ದು ನಾನು ನೋಡಿದ್ದೇನೆ ಅಕ್ಕಾ, ಆಗಲಿಲ್ಲ. ಜೋಳದಲ್ಲಿ ಗೋಧಿಯ ಹಾಗೆ ಎಳೆಯುವ ಅಂಟು ಇಲ್ಲ, ಎಸರಿನ ಅಂಟು ರೊಟ್ಟಿ ಬಡಿಯುವಷ್ಟಕ್ಕೆ ಸಾಕು, ಉದ್ದ ಕೋಲಾಗಿ ಎಣ್ಣೆಯಲ್ಲಿ ತೇಲುವುದಕ್ಕೆ ಸಾಲದು. ನಡುವೆ ಮುರಿಯುತ್ತದೆ. ಅರ್ಧ ಮೈದಾ ಅರ್ಧ ಗೋಧಿ ಹಿಟ್ಟು ಆಗುತ್ತದೆ, ಬಣ್ಣ ಸ್ವಲ್ಪ ಕಪ್ಪು, ನೀರು ಒಂದೆರಡು ಚಮಚ ಜಾಸ್ತಿ. ಇನ್ನು ಆರೋಗ್ಯದ ಮಾತು: ಎಣ್ಣೆಯಲ್ಲಿ ಕರಿದು ಸಕ್ಕರೆಯಲ್ಲಿ ಹೊರಳಿಸಿದ ಮೇಲೆ ಮೈದಾ ಒಂದನ್ನೇ ಬೈದು ಏನು ಸುಖ.

ನವನಗರದವಳು, ಬಾಗಲಕೋಟೆ

ಮಾಡಿದೆ ರೀ! ನಿನ್ನೆ ಸಂಜೆ.

ಎಲ್ಲ ನೀವು ಹೇಳಿದ ಹಾಗೆ. ಎಸರು ಕುದಿಸಿ ಮೈದಾ ಸುರಿದು ತಿರುಗಿಸುವಾಗ ರಟ್ಟೆ ಬಿದ್ದುಹೋಯಿತು, ಆದರೆ ಮುದ್ದೆ ಆದದ್ದು ನೋಡಿ ಕೈಗೆ ಗೊತ್ತಾಯಿತು ಇದು ಸರಿ ಇದೆ ಅಂತ. ನಲವತ್ತು ವರ್ಷ ರೊಟ್ಟಿ ಹಿಟ್ಟು ನಾದಿದ ಕೈ, ಸುಳ್ಳು ಹೇಳುವುದಿಲ್ಲ. ಮೊದಲನೆಯದನ್ನು ಎಣ್ಣೆಗೆ ಬಿಟ್ಟು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ, ನಗಬೇಡಿ. ಸಿಡಿಯಲಿಲ್ಲ. ಒಟ್ಟು ಹದಿನೆಂಟು ಬಂತು, ಒಂದೂ ಸಿಡಿಯಲಿಲ್ಲ.

ಪಾರ್ಕಿನದ್ದರ ಹಾಗೇ ಇತ್ತಾ ಅಂದರೆ, ಪೂರ್ತಿ ಇಲ್ಲ. ಅದು ದಪ್ಪ, ಒಳಗೆ ಸ್ವಲ್ಪ ಬ್ರೆಡ್ಡಿನ ಹಾಗೆ. ಇದು ಸಪೂರ, ಕುರುಕುರು. ಆದರೆ ಕಣ್ಣು ಮುಚ್ಚಿ ವಾಸನೆ ನೋಡಿದರೆ ಆ ಬೆಂಚು ನೆನಪಾಯಿತು. ಜಾರು ನೀವು ಹೇಳಿದ್ದೇ, ಲವಂಗದ್ದೇ ಕಾಟ ಅದು.

ಅತ್ತೆ ಒಂದು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಚಕ್ಕಲಿಗೆ ಸಕ್ರಿ ಯಾಕ ಹಚ್ಚೀ?" ಅಂದರು. ಆಮೇಲೆ ಸಕ್ಕರೆ ಹಾಕದೆ ಉಳಿದಿದ್ದ ನಾಲ್ಕನ್ನು ತರಿಸಿಕೊಂಡು ಶೇಂಗಾ ಚಟ್ನಿಪುಡಿ ಮೇಲೆ ಉದುರಿಸಿ ತಿಂದರು. ನಿಜ ಹೇಳಲಾ, ಅದೂ ಚೆನ್ನಾಗಿತ್ತು.

ಒಂದೇ ತೊಂದರೆ, ಅರ್ಧ ಗಂಟೆ ಆದ ಮೇಲೆ ಗಟ್ಟಿ ಆಯಿತು. ಮೊಮ್ಮಗನ ಗಾಡಿ ಬರುವುದು ರಾತ್ರಿ ಎಷ್ಟೊತ್ತಿಗೋ. ಮೊದಲೇ ಮಾಡಿ ಇಡುವ ದಾರಿ ಏನಾದರೂ ಇದೆಯಾ? ಹಿಟ್ಟನ್ನು ಹಿಂದಿನ ದಿನ ಫ್ರಿಜ್‌ನಲ್ಲಿ ಇಡಲಾ?

ಟಿಳಕವಾಡಿ ಅಡುಗೆಮನೆ, ಬೆಳಗಾವಿ

ಭಾರೀ ಕಾಕೂ! ಚಟ್ನಿಪುಡಿದು ನಾನು ಕದಿಯುತ್ತೇನೆ, ಅಜ್ಜಿಗೆ ಹೇಳಿ.

ಗಟ್ಟಿ ಆಗುವುದು ಮೊಟ್ಟೆ ಇಲ್ಲದ್ದರ ಗುಣ, ಕರಿದ ಹತ್ತು ಹದಿನೈದು ನಿಮಿಷದೊಳಗೆ ತಿನ್ನಬೇಕು. ಹಿಟ್ಟಿನ ಮುದ್ದೆ ಫ್ರಿಜ್‌ನಲ್ಲಿ ಇಡಬೇಡಿ, ಬಿಗಿದು ಮಷೀನಿನಲ್ಲಿ ಒತ್ತಲು ಆಗುವುದಿಲ್ಲ. ಬಿಸಿ ಇರುವಾಗಲೇ ಎಲ್ಲ ಒತ್ತಿ, ಹಾಳೆ ಸಮೇತ ತಟ್ಟೆಯಲ್ಲಿ ಫ್ರೀಜರಿಗೆ ಹಾಕಿ. ಪೂರ್ತಿ ಕಲ್ಲಾದ ಮೇಲೆ ಒಂದು ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ವಾರ ಹತ್ತು ದಿನ ಏನೂ ಆಗುವುದಿಲ್ಲ. ಬೇಕಾದಾಗ ಮೇಲೆ ಐಸಿನ ಪುಡಿ ಇದ್ದರೆ ಒರೆಸಿ, ಉರಿ ಸ್ವಲ್ಪ ಸಣ್ಣ ಇಟ್ಟು, ಎರಡೆರಡೇ ಬಿಟ್ಟು, ಒಂದು ನಿಮಿಷ ಜಾಸ್ತಿ ಕರಿಯಿರಿ. ಐಸು ಎಣ್ಣೆಗೆ ಬಿದ್ದರೆ ಮತ್ತೆ ಚಟಪಟ, ಅದಕ್ಕೇ ಒರೆಸಿ ಅಂದದ್ದು.

ನಮ್ಮ ಬೆಳಗಾವಿಯಲ್ಲಿ ಜೂನ್ ಮಳೆ ಹಿಡಿದರೆ ಸಕ್ಕರೆ ಹಚ್ಚಿದ ಐದು ನಿಮಿಷಕ್ಕೆ ಬೆವರುತ್ತದೆ, ಮೆತ್ತಗಾಗುತ್ತದೆ. ನಿಮ್ಮ ಬಾಗಲಕೋಟೆ ಒಣ ಹವೆಗೆ ಆ ಚಿಂತೆ ಕಡಿಮೆ.

ಗುಮ್ಮಟದೂರಿನವ, ವಿಜಯಪುರ

ಕರೆಂಟ್ ಹೋದರೆ ಫ್ರೀಜರ್ ಬಾಗಿಲು ತೆಗೆಯಬೇಡಿ ಅಕ್ಕಾರೇ. ಒಮ್ಮೆ ಕರಗಿದ್ದನ್ನು ಮತ್ತೆ ಕಲ್ಲು ಮಾಡಿ ಕರಿಯಬೇಡಿ, ನೀರು ಮೇಲೆ ಬಂದಿರುತ್ತದೆ, ಬಾಗಿಲ ಹಿಂದೆ ಮತ್ತೆ ನಿಲ್ಲಬೇಕಾಗುತ್ತದೆ.

ನವನಗರದವಳು, ಬಾಗಲಕೋಟೆ

ಇಲ್ಲ, ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ, ಯಜಮಾನರು ಐಸ್ ನೀರಿಗೆ ಅಂತ ಪದೇ ಪದೇ ತೆಗೆಯುತ್ತಾರೆ. ಮೂವತ್ತು ಒತ್ತಿ ಇಟ್ಟಿದ್ದೇನೆ. ಅದರಲ್ಲಿ ಆರು ಅತ್ತೆಯವರ ಚಟ್ನಿಪುಡಿ ಪಾಲು.